ಹೆಚ್ಚಾದ ಬಳೆಗಳು

ನಾನೊಂದು ಮೊಬೈಲ್ ಫೋನು. ಯಾವುದೋ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ, ಮೂಗು ಬಾಯಿ ಮುಚ್ಚಿಕೊಂಡ ಹೆಣ್ಣುಮಕ್ಕಳ ಬೆರಳ ತುದಿಯಲ್ಲಿ ಹುಟ್ಟಿದೆ. ಅಂದಿನಿಂದ ಮನುಷ್ಯರನ್ನು ಕೆಳಗಿನಿಂದಲೇ ನೋಡುತ್ತ ಬಂದಿದ್ದೇನೆ. ನಿಮಗೆ ಎದುರಿನವರ ಮುಖ ಕಂಡರೆ ನನಗೆ ಕಾಣುವುದು ಗದ್ದ ಮತ್ತು ಮೂಗಿನ ಹೊಳ್ಳೆ. ಅಲ್ಲಿಂದ ನೋಡಿದರೆ ಯಾರೂ ಅಷ್ಟೇನೂ ದೊಡ್ಡವರಾಗಿ ಕಾಣುವುದಿಲ್ಲ.

ನನ್ನ ಮೊದಲ ಒಡೆಯ ಹಾವೇರಿಯ ಒಬ್ಬ ವಿಮೆ ಏಜೆಂಟ. ಬೆಳಗಾದರೆ ಸಾಕು, ಹೂವಿನ ಚಿತ್ರ ಹಾಕಿ ಊರಿಗೆಲ್ಲ ಶುಭೋದಯ ಕಳಿಸುತ್ತಿದ್ದ. ತಿರುಗಿ ಶುಭ ಕೋರಿದವರನ್ನು ನಾನು ಕಾಣೆ. ಹೊಸ ಫೋನು ಬಂದದ್ದೇ ತಡ, ನನ್ನನ್ನು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಸಾಗಹಾಕಿದ. ಅಲ್ಲಿಂದ ನನ್ನನ್ನು ಕೊಂಡು ತಂದವಳು ಗಿರಿಜಾ, ತನ್ನ ತಾಯಿ ನೀಲವ್ವನ ಬಳೆ ಅಂಗಡಿಗೆ.

ಪೇಟೆಯ ಒಳಸಂದಿಯಲ್ಲಿ ನೀಲವ್ವನದು ಒಂದು ಗೂಡಿನಂಥ ಅಂಗಡಿ. ಮಾರುತ್ತಿದ್ದದ್ದು ಗಾಜಿನ ಬಳೆ ಮಾತ್ರ. ತವರುಮನೆಯ ಸುದ್ದಿ ಕೇಳುತ್ತ, ನಗಿಸುತ್ತ, ಗಿರಾಕಿಯ ಕೈಯನ್ನು ಮೆತ್ತಗೆ ಹಿಂಡಿ ಬಳೆ ಏರಿಸಿಬಿಡುತ್ತಿದ್ದಳು. ಆ ಹೆಂಗಸಿಗೆ ಬಳೆ ಮಣಿಕಟ್ಟಿಗೆ ಬಂದಮೇಲೆಯೇ ಗೊತ್ತಾಗುತ್ತಿತ್ತು. ಆದರೆ ದೊಡ್ಡ ರಸ್ತೆಯಲ್ಲಿ ಝಗಮಗ ದೀಪದ ಫ್ಯಾನ್ಸಿ ಸ್ಟೋರ್ ಬಂದ ಮೇಲೆ ಸಂದಿಯೊಳಗೆ ಬರುವವರು ಕಡಿಮೆಯಾದರು. ಕಟ್ಟಡದ ಯಜಮಾನ ಬಂದು ನಿಂತು, "ನಡೀಲಿಲ್ಲಂದ್ರ ಬಿಡು ನೀಲವ್ವ. ಫ್ಯಾನ್ಸಿಯವ್ರು ಗೋದಾಮಿಗೆ ಕೇಳಾಕ್ಹತ್ಯಾರ," ಎಂದು ಹೇಳಿಹೋಗಿದ್ದ. ಅಂಗಡಿ ಉಳಿಯಬೇಕಾದರೆ ದೂರದ ಗಿರಾಕಿಗಳನ್ನು ಹಿಡಿಯಬೇಕು. ಅದಕ್ಕೇ ನಾನು ಬಂದದ್ದು.

ಗಿರಿಜಾ ತನ್ನ ಕೈಗೇ ಬಳೆ ತೊಟ್ಟು ಫೋಟೋ ತೆಗೆದು ಅಂಗಡಿಯ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದಳು. ಮದುವೆಯಾಗಿ ರಾಣೆಬೆನ್ನೂರಿಗೆ ಹೋಗುವಾಗ ಆ ಕೆಲಸವನ್ನು ಸೃಜನ್ ಎಂಬವನಿಗೆ ಒಪ್ಪಿಸಿದಳು. ಬೇಕರಿಯ ಮಹಡಿಯಲ್ಲಿ ಅವನ ಆಫೀಸು. ಜಿಮ್ಮು, ಹಲ್ಲಿನ ಡಾಕ್ಟರು, ಬಿರಿಯಾನಿ ಹೋಟೆಲು, ಎಲ್ಲದಕ್ಕೂ ಅವನದೇ ಪ್ರಚಾರ.

"ಕೇಳಿದ ತಕ್ಷಣ ಉತ್ತರ ಕೊಡಬೇಕು ಆಂಟಿ. ತಡ ಮಾಡಿದ್ರೆ ಗಿರಾಕಿ ಬೇರೆ ಕಡೆ ಹೋಗ್ತಾರೆ," ಅಂದ.

"ನನ್ನ ಎರಡೂ ಕೈ ಗಿರಾಕಿ ಕೈಯಾಗ ಇರ್ತಾವಲ್ಲಪಾ. ಯಾವಾಗ ಒತ್ತಲಿ ಇದನ್ನ?"

"ಪಾಸ್‌ವರ್ಡ್ ನನ್ನ ಹತ್ರ ಇರ್ಲಿ. ನಾನೇ ಉತ್ತರ ಕೊಡ್ತೀನಿ."

ಕೆಲಸಕ್ಕೆ ಚುರುಕು, ಮಾತಿಗೆ ಸವಿ. ಒಳ್ಳೆಯವನೇ. ಆದರೆ ಕಾನ್ವೆಂಟಿನಲ್ಲಿ ಕಲಿತವನು, ಅವನ ಮನೆಯ ಹೆಂಗಸರು ಚಿನ್ನದ ಬಳೆ ತೊಡುವವರು. ಚಿನ್ನ ಒಡೆಯುವುದಿಲ್ಲ ನೋಡಿ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಬಾಗಲಕೋಟೆ, ಸೊಲ್ಲಾಪುರದಿಂದೆಲ್ಲ ಬೇಡಿಕೆ ಬಂತು. ನೀಲವ್ವ ಬಳೆಗೆ ಹತ್ತಿ ಸುತ್ತಿ ಡಬ್ಬಿಗೆ ತುಂಬುತ್ತ ಹಾಡು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಒಂದು ದಿನ ಬಾಗಲಕೋಟೆಯ ಅನಸೂಯವ್ವ ಎಂಬ ಹಿರಿಯ ಹೆಂಗಸಿನ ಸಂದೇಶ ಬಂತು. ಬಸುರಿ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಬಳೆ ತರಿಸಿಕೊಂಡಿದ್ದವಳು. "ಬಳಿ ಬಂದು ಮುಟ್ಯಾವ್ರೀ. ಆದ್ರ ಭಾಳ ಹೆಚ್ಚಾಗ್ಯಾವ. ನಾಳೆ ಸೊಸಿ ಕುಬಸ ಐತಿ. ಏನ್ ಮಾಡ್ಲಿ?"

ನಮ್ಮ ಕಡೆ ಬಳೆ ಒಡೆಯಿತು ಎಂದು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ, ಅದು ಅಪಶಕುನ. ಹೆಚ್ಚಾದವು ಅನ್ನುತ್ತಾರೆ. ನೀಲವ್ವ ನೋಡಿದ್ದರೆ ಅವತ್ತೇ ಬಸ್ಸಿನಲ್ಲಿ ಬೇರೆ ಬಳೆ ಕಳಿಸುತ್ತಿದ್ದಳು. ಅವಳು ಆಗ ಒಬ್ಬ ಮದುಮಗಳ ಕೈ ಹಿಡಿದು ಕೂತಿದ್ದಳು. ಬೇಕರಿಯ ಮಹಡಿಯಿಂದ ಉತ್ತರ ಹೋಗಿಯೇ ಬಿಟ್ಟಿತು: "ಹೆಚ್ಚಾದ ಬಳೆಗಳು ನಿಮ್ಮ ಸೊಸೆಗೆ ನೀಲವ್ವನ ಪ್ರೀತಿಯ ಉಡುಗೊರೆ! ಖುಷಿಯಿಂದ ತೊಡಿಸಿ!" ಕೊನೆಗೊಂದು ಕೆಂಪು ಹೃದಯ ಬೇರೆ.

ಸಂಜೆ ನೀಲವ್ವ ಅದನ್ನು ಓದಿದಳು. ಕೂಡಲೇ ಅನಸೂಯವ್ವನಿಗೆ ಫೋನು ಮಾಡಿದಳು.

"ಹೊಟ್ಟೀಲಿದ್ದಾಕಿಗೆ ಒಡಕ ಬಳಿ ಇಡಸಂತೀಯಲ್ಲ, ನೀನೂ ಒಂದು ಹೆಣ್ಣಲ್ಲೇನವಾ?" ಅನಸೂಯವ್ವ ಅಳುತ್ತಿದ್ದಳು.

"ನಾ ಬರದಿದ್ದಲ್ರೀ ಯವ್ವಾ. ಬ್ಯಾರೇದವ ಬರದಾನ. ನನ್ನ ಮಗಳಾಣಿ."

"ನಿನ್ನ ಹೆಸರಲೇ ಬಂದೈತಿ."

ಆ ಕಡೆ ಫೋನು ಕಟ್ಟಾಯಿತು.

ಅನಸೂಯವ್ವ ಪುಟದಿಂದ ಬಂದ ಆ ಉತ್ತರದ ಚಿತ್ರ ತೆಗೆದು ತನ್ನ ಅಕ್ಕತಂಗಿಯರಿಗೆ ಕಳಿಸಿದಳು. ಅವರು ಮಹಿಳಾ ಮಂಡಳದ ಗುಂಪುಗಳಿಗೆ ಹಾಕಿದರು. ಬೆಂಕಿಗೆ ಗಾಳಿ ಸಿಕ್ಕಂತಾಯಿತು. "ಬಸುರಿಗೆ ಒಡಕು ಬಳೆ ಕೊಡುವ ಅಂಗಡಿ" ಎಂದು ಹೆಸರಾಯಿತು. ಸೃಜನ್ ಓಡಿಬಂದು ಕೈಮುಗಿದ, ಕ್ಷಮಾಪಣೆಯ ವಿಡಿಯೋ ಮಾಡೋಣ ಅಂದ. ಹೋಗುವಾಗ, "ಆದ್ರೂ ಆಂಟಿ, ನಮ್ಮ ಪುಟವನ್ನ ಇಷ್ಟು ಜನ ಹಿಂದೆಂದೂ ನೋಡಿರಲಿಲ್ಲ," ಎಂದ. ಅಂಥ ಹೊತ್ತಿನಲ್ಲೂ ಅವನಿಗೆ ಅದು ಕಂಡಿತಲ್ಲ!

ದೂರದ ಬೇಡಿಕೆ ನಿಂತಿತು. ಊರಿನ ಹೆಂಗಸರಾದರೂ ಕೈಬಿಡಲಿಕ್ಕಿಲ್ಲ ಎಂದುಕೊಂಡಿದ್ದೆವು. ಅವರು ಎದುರು ಸಿಕ್ಕರೆ ನಗುತ್ತಿದ್ದರು, ಬಳೆಗೆ ಮಾತ್ರ ಬರುತ್ತಿರಲಿಲ್ಲ. ಶುಭಕಾರ್ಯಕ್ಕೆ ಯಾಕೆ ಅನುಮಾನ ಎಂಬುದು ಅವರ ಲೆಕ್ಕ. ಬೈದಿದ್ದರೆ ನೀಲವ್ವ ತಿರುಗಿ ಬೈದು ಹಗುರಾಗುತ್ತಿದ್ದಳು.

ಅಷ್ಟರಲ್ಲಿ ಗಿರಿಜಾ ಬಸುರಿಯಾಗಿದ್ದಳು. ಬೀಗಿತ್ತಿಯ ಫೋನು ಬಂತು. ನೀಲವ್ವ ನನ್ನನ್ನು ಕಿವಿಗೆ ಒತ್ತಿಕೊಂಡಳು.

"ಕುಬಸಕ್ಕ ಎಲ್ಲಾರೂ ಬರ್ರೀ. ಸೀರಿ ನೀವ ತರ್ರಿ. ಬಳಿ ಅಷ್ಟ ಇಲ್ಲೇ ನಾವು ತಗೋತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಬ್ಯಾಸರ ಯಾಕ್ರೀ," ಅಂದಳು ನೀಲವ್ವ. ಅವಳ ಕೆನ್ನೆ ಒದ್ದೆಯಾದದ್ದು ನನಗೆ ತಾಗಿತು.

ಊರಿನ ಹೆಣ್ಣುಮಕ್ಕಳಿಗೆಲ್ಲ ಬಳೆ ಇಟ್ಟ ಕೈ ಅದು. ಮಗಳ ಕುಬಸದ ದಿನ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಬೇರೆ ಯಾರೋ ಬಳೆಗಾರ್ತಿ ಗಿರಿಜಾಳ ಕೈ ಹಿಂಡಿದಾಗ ಅವಳು "ಅವ್ವಾ" ಎಂದು ಚೀರಿದಳು. ನೀಲವ್ವ ಅರ್ಧ ಎದ್ದವಳು ಮತ್ತೆ ಕೂತಳು.

ಅಂಗಡಿ ಈಗ ಫ್ಯಾನ್ಸಿಯವರ ಗೋದಾಮು. ನನ್ನನ್ನು ನೀಲವ್ವ, ಹಳೇ ಮೊಬೈಲ್ ಎಂದು ಕೂಗುತ್ತ ಬಂದವನಿಗೆ ಒಂದು ಪ್ಲಾಸ್ಟಿಕ್ ಬುಟ್ಟಿಯ ಬದಲಿಗೆ ಕೊಟ್ಟುಬಿಟ್ಟಳು. ಅವನ ಚೀಲದಲ್ಲಿ ಒಡೆದ ಗಾಜಿನ ಜೊತೆಗಾರರ ನಡುವೆ ಬಿದ್ದಿದ್ದೇನೆ. ಇನ್ನು ಯಾರದೋ ಸುತ್ತಿಗೆಗೆ ಕಾಯುವುದಷ್ಟೇ ಕೆಲಸ.

ನನ್ನ ಕಥೆ ಇಲ್ಲಿಗೆ ಮುಗಿಯುತ್ತದೆ. ಆ ಪುಟದ್ದು ಮುಗಿಯುವುದಿಲ್ಲ. ಸೃಜನ್ ಅದನ್ನು ಅಳಿಸಿದ, ಆದರೆ ಜನ ಅಷ್ಟರೊಳಗೆ ಅದರ ಚಿತ್ರ ಎತ್ತಿಟ್ಟುಕೊಂಡಿದ್ದರು. ಗಿರಿಜಾಗೆ ಹೆಣ್ಣು ಮಗುವಾಗಿದೆಯಂತೆ. ಆ ಮಗು ದೊಡ್ಡದಾಗಿ, ನಮ್ಮಜ್ಜಿ ಏನು ಮಾಡುತ್ತಿದ್ದಳು ಎಂದು ಒಂದು ದಿನ ಯಾವುದೋ ಹೊಸ ಫೋನಿನಲ್ಲಿ ಹುಡುಕೀತು. ನೀಲವ್ವ ತೊಡಿಸಿದ ಒಂದು ಬಳೆಯೂ ಅಲ್ಲಿ ಸಿಗುವುದಿಲ್ಲ. ಸಿಗುವುದು ಅವಳು ಬರೆಯದ ಆ ಎರಡು ಸಾಲು.