ಥೋರಾ ಪೇಪರಿಗೆ ಕೊಟ್ಟ ಸಾಲು

ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗೆ ಒಂದು ಪ್ರಶ್ನೆ ಬಾಗಿಲು ತಟ್ಟದೆ ಬಂದು ಕೂರುತ್ತದೆ. "ಮುಂದೇನು?" ನೆಂಟರು ಕೇಳುತ್ತಾರೆ, ಅಂಗಡಿಯವನು ಕೇಳುತ್ತಾನೆ, ಹಲ್ಲಿನ ಡಾಕ್ಟರಂತೂ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳುತ್ತಾನೆ. ಉತ್ತರ ಗೊತ್ತಿದ್ದವರು ಹೇಳಿ ಪಾರಾಗುತ್ತಾರೆ. ಗೊತ್ತಿಲ್ಲದವರ ಪಾಡು ಯಾರಿಗೆ ಬೇಕು!

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಲಿಂಡಾಲ್ ಎಂಬ ಪುಟ್ಟ ಊರಿನ ಥೋರಾಳಿಗೆ ಗೊತ್ತಿರಲಿಲ್ಲ. ಅದು ತಪ್ಪೇನಲ್ಲ. ಆದರೆ ಆ ಊರಿನಲ್ಲಿ ಒಂದು ಪದ್ಧತಿಯಿದೆ. ಶಾಲೆ ಮುಗಿಸುವ ಮಕ್ಕಳ ಫೋಟೊ ಪ್ರತಿ ವರ್ಷ ಊರಿನ ವಾರಪತ್ರಿಕೆಯಲ್ಲಿ ಬರುತ್ತದೆ. ಫೋಟೊದ ಕೆಳಗೆ ಹೆಸರು, ತಂದೆ ತಾಯಿ ಹೆಸರು, ಮುಂದೆ ಏನಾಗುತ್ತಾರೆ ಎನ್ನುವ ಒಂದು ಸಾಲು. ಆ ಪುಟವನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸದ ಮನೆಯಿಲ್ಲ. ದನದ ಡಾಕ್ಟರಾಗುತ್ತೇನೆ ಎಂದು ಬರೆದು, ಆಗದೇ ಹೋದ ಒಬ್ಬನನ್ನು ಊರು ಮೂವತ್ತು ವರ್ಷದಿಂದ "ಏನ್ ಡಾಕ್ಟ್ರೇ" ಎಂದೇ ಮಾತಾಡಿಸುತ್ತಿದೆ. ಪಾಪ, ಅವನದು ಟಯರ್ ಅಂಗಡಿ.

ಥೋರಾ ತನ್ನ ಸಾಲನ್ನು ಶುಕ್ರವಾರದೊಳಗೆ ಕೊಡಬೇಕಿತ್ತು. ಸೋಮವಾರ ಬೆಳಿಗ್ಗೆ ಅವಳ ಹಾಳೆ ಖಾಲಿಯಿತ್ತು. ಹೊಟ್ಟೆಯೂ ಖಾಲಿ, ಏಕೆಂದರೆ ಎರಡು ವಾರದಿಂದ ತುತ್ತು ಇಳಿಯುತ್ತಿರಲಿಲ್ಲ.

ಅಜ್ಜಿ ಬೋರ್ಗಿಲ್ಡ್ ಮಾತ್ರ ಆ ಸಾಲನ್ನು ಹತ್ತು ವರ್ಷದ ಹಿಂದೆಯೇ ಮನಸ್ಸಿನಲ್ಲಿ ಬರೆದಿಟ್ಟಿದ್ದಳು. ಎಂಟು ವರ್ಷದ ಥೋರಾ ಅಂಗಡಿಯ ಬಿಲ್ಲಿನಲ್ಲಿ ತಪ್ಪು ಹಿಡಿದ ದಿನವೇ ಅಜ್ಜಿ ಚರ್ಚಿನಲ್ಲೆಲ್ಲ ಸಾರಿ ಬಂದಿದ್ದಳು, "ನಮ್ಮ ಹುಡುಗಿ ಅಕೌಂಟೆಂಟ್ ಆಗ್ತಾಳೆ!" ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಈ ಅಜ್ಜಿಯನ್ನು ಮೀರಿಸುವವರಿಲ್ಲ.

ಥೋರಾಳಿಗೂ ಲೆಕ್ಕ ಇಷ್ಟವೇ. ಆದರೆ ಹೋದ ವರ್ಷ ಪಕ್ಕದ ಊರಿನ ಶಾಲೆ ಮುಚ್ಚಿ, ಅಲ್ಲಿಯ ಮಕ್ಕಳೆಲ್ಲ ಲಿಂಡಾಲಿಗೆ ಬಂದರು. ಊಟದ ಹೊತ್ತಿನಲ್ಲಿ ಆ ಊರಿನವರು ಆ ಕಡೆ, ಈ ಊರಿನವರು ಈ ಕಡೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಥೋರಾ ಹೋಗಿ ಪ್ರಿನ್ಸಿಪಾಲರಿಗೆ ಒಂದು ಉಪಾಯ ಹೇಳಿದಳು. ಹುಟ್ಟಿದ ತಿಂಗಳಿನ ಲೆಕ್ಕದಲ್ಲಿ ಮೇಜು ಹಂಚಿದರಾಯಿತು. ಎರಡೇ ವಾರದಲ್ಲಿ ಊಟದ ಕೋಣೆಯ ಹರಟೆ, ನಗುವಿನ ಗಲಾಟೆಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ಪ್ರಿನ್ಸಿಪಾಲ್ ರೋಸಲಿಂಡ್ ಹೀಬ್ ಅವಳ ಭುಜ ತಟ್ಟಿ, "ನನ್ನ ಕುರ್ಚಿಗೆ ನೀನೇ ಸರಿ ಕಣಮ್ಮ" ಎಂದರು. ಆ ಮಾತು ಹುಡುಗಿಯ ತಲೆಯಲ್ಲಿ ಕೂತುಬಿಟ್ಟಿತು.

"ಪ್ರಿನ್ಸಿಪಾಲ್ ಅಂದ್ರೆ ಊರವರ ಹತ್ರ ಬೈಸ್ಕೊಳ್ಳೋ ಕೆಲಸ" ಎಂದಳು ಅಜ್ಜಿ. "ಲೆಕ್ಕ ಯಾರನ್ನೂ ಬೈಯಲ್ಲ. ಸುಮ್ನೆ ಅಕೌಂಟೆಂಟ್ ಅಂತ ಬರಿ."

ಅಪ್ಪ ಆರ್ಲೆನ್‌ಗೆ ಊರಿನ ಧಾನ್ಯದ ಗೋದಾಮಿನಲ್ಲಿ ಕೆಲಸ. ಮಾತು ಕಡಿಮೆ. ಅಮ್ಮ ದೂರದ ಪಟ್ಟಣ ಬಿಸ್ಮಾರ್ಕ್‌ನಲ್ಲಿ ನರ್ಸ್, ವಾರದಲ್ಲಿ ನಾಲ್ಕು ದಿನ ಅಲ್ಲೇ. "ನಿಂಗೆ ಯಾವುದು ಸರಿ ಅನ್ಸುತ್ತೋ ಅದು" ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಸರಿ ಯಾವುದು ಎಂಬುದೇ ಗೊತ್ತಿಲ್ಲದವಳಿಗೆ ಅದರಿಂದೇನು ಬಂತು?

ಸೋಮವಾರ ಶಾಲೆಯ ಸಲಹೆಗಾರ್ತಿ ವೆರ್ಲಾ ಥೋರಾಳ ಬಾಡಿದ ಮುಖ ನೋಡಿ ಒಳಗೆ ಕರೆದರು. ಎಲ್ಲ ಕೇಳಿಸಿಕೊಂಡು, "ಅಕೌಂಟೆಂಟ್ ಕೆಲಸ ಮಾಡೋದನ್ನ ನೋಡಿದೀಯಾ?" ಎಂದರು.

"ಕ್ಲಿಫರ್ಡ್ ಅಂಕಲ್ ನಮ್ಮನೆ ಎದುರಿಗೇ ಇರೋದಲ್ವಾ?"

"ಅವರು ಮನೆ ಮುಂದೆ ಹಿಮ ಗುಡಿಸೋದನ್ನ ನೋಡಿದೀಯ. ಕೆಲಸ ಮಾಡೋದನ್ನ?"

"ಇಲ್ಲ."

"ಪ್ರಿನ್ಸಿಪಾಲರ ರೂಮಲ್ಲಿ ಯಾವತ್ತಾದ್ರೂ ಕೂತಿದೀಯಾ?"

"ಅಯ್ಯೋ, ನಾನೇನು ತಪ್ಪು ಮಾಡಿದೆ ಮೇಡಂ?"

ವೆರ್ಲಾ ನಕ್ಕೇಬಿಟ್ಟರು. "ಬೂಟು ಕೊಳ್ಳೋವಾಗ ಕಾಲಿಗೆ ಹಾಕ್ಕೊಂಡು ಅಂಗಡಿ ತುಂಬಾ ಓಡಾಡ್ತೀಯ. ನಲವತ್ತು ವರ್ಷ ಮಾಡೋ ಕೆಲಸಾನ ಡಬ್ಬಿ ನೋಡಿ ಕೊಳ್ತೀಯೇನೇ? ಒಬ್ಬೊಬ್ಬರ ಹಿಂದೇನೂ ಒಂದೊಂದು ಇಡೀ ದಿನ ಇರು. ಶಾಲೆಗೆ ಬಂದ ಹಾಗೇ ಹಾಜರಿ ಹಾಕ್ತೀವಿ. ಕೇಳೋದು ಮಾತ್ರ ನೀನೇ ಹೋಗಿ ಕೇಳ್ಬೇಕು."

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಥೋರಾಳಿಗೆ ಎರಡು ಬೆಟ್ಟಗಳೂ ದೂರದಿಂದ ಮುಳ್ಳುಮುಳ್ಳಾಗಿಯೇ ಕಂಡಿದ್ದವು. ಹತ್ತಿರ ಹೋಗಿ ನೋಡಬಹುದು ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ಸಂಜೆ ಕ್ಲಿಫರ್ಡ್‌ಗೆ ಫೋನು ಮಾಡಿದಳು. "ನೋಡೋವಂಥದ್ದೇನಿದೆ ಮಗಾ ಇಲ್ಲಿ? ನಿಂಗೆ ಬೇಜಾರಾಗುತ್ತೆ" ಎಂದರು ಅವರು. ಥೋರಾ "ತೊಂದರೆ ಕೊಟ್ಟೆ ಅಂಕಲ್" ಎಂದು ಇಟ್ಟುಬಿಟ್ಟಳು. ರೋಸಲಿಂಡ್ ಮೇಡಂಗೆ ಮಾಡಿದಳು. "ನಂದೇನ್ ಮಹಾ ಕೆಲಸ, ಓಡಾಡ್ತಾ ಇರ್ತೀನಿ ಅಷ್ಟೇ" ಎಂಬ ಉತ್ತರ. ಹುಡುಗಿ ಊಟದ ಮೇಜಿಗೆ ಬಂದು ಕೂತು ಅತ್ತೇಬಿಟ್ಟಳು. "ಇಬ್ರೂ ಆಗಲ್ಲ ಅಂದ್ರು ಅಜ್ಜಿ."

ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದ ಅಜ್ಜಿ ತಿರುಗಿದಳು. "ಎಷ್ಟು ಸಲ ಕೇಳಿದೆ?"

"ಒಂದ್ಸಲ."

"ಒಂದ್ಸಲ! ಉಸ್ಸಪ್ಪಾ! ಈ ಊರಲ್ಲಿ ಯಾರಾದ್ರೂ ಒಂದೇ ಮಾತಿಗೆ ಕಾಫಿ ಕುಡಿದಿದ್ದು ನೋಡಿದೀಯೇನೇ? ಮೊದಲನೇ ಸಲ 'ಬೇಡ'. ಎರಡನೇ ಸಲ 'ನಿಮಗ್ಯಾಕೆ ತೊಂದ್ರೆ'. ಮೂರನೇ ಸಲ 'ಅರ್ಧ ಕಪ್ಪು ಸಾಕು'. ಅದು ಮರ್ಯಾದೆ. ಅವರು ಆಗಲ್ಲ ಅಂದಿಲ್ಲ, ಇನ್ನೊಂದ್ಸಲ ಕೇಳು ಅಂದಿದಾರೆ."

"ನಿಂಗೆ ಇದರ ಮೇಲೆ ನಂಬಿಕೆ ಇಲ್ವಲ್ಲಜ್ಜಿ?"

"ಇಲ್ಲವೇ ಇಲ್ಲ. ಬೇರೆಯವರು ಬೆವರು ಸುರಿಸೋದನ್ನ ನೋಡ್ತಾ ನಿಂತ್ರೆ ಬುದ್ಧಿ ಬರುತ್ತಂತಾ? ಆದ್ರೆ ನಮ್ಮನೆ ಹುಡುಗಿಗೆ ಕೇಳಕ್ಕೂ ಬರಲ್ಲ ಅನ್ನಿಸ್ಕೋಬಾರ್ದು. ಎತ್ತು ಫೋನು."

ಮಂಗಳವಾರದ ಹೊತ್ತಿಗೆ ಮೂರು ಸಲ ಕೇಳಿದ್ದಾಯಿತು. "ಹಂಗಾದ್ರೆ ಬುಧವಾರ ಅರ್ಧ ದಿನ ಬಾ" ಎಂದರು ಕ್ಲಿಫರ್ಡ್. ರೋಸಲಿಂಡ್ ಮೇಡಂ ಗುರುವಾರ ಎಂದರು.

ಅಕೌಂಟೆಂಟ್ ಆಫೀಸು ಎಂದರೆ ಗೋಡೆ ಕಡೆ ಮುಖ ಮಾಡಿ ಅಂಕಿ ಕೂಡುವುದು ಎಂದುಕೊಂಡಿದ್ದಳು ಥೋರಾ. ಬುಧವಾರ ಒಂಬತ್ತು ಗಂಟೆಗೆ ಲೆರಾಯ್ ಎಂಬ ರೈತ ಬಂದ. ರೈತರ ತೆರಿಗೆ ಕಾಗದ ಕಳಿಸಲು ಕಡೆಯ ವಾರ ಅದು. ವರ್ಷದ ರಸೀದಿಗಳನ್ನೆಲ್ಲ ಅವನು ಖಾಲಿ ಐಸ್‌ಕ್ರೀಮ್ ಬಕೆಟ್ಟಿನಲ್ಲಿ ತುಂಬಿ ತಂದಿದ್ದ. ಕ್ಲಿಫರ್ಡ್ ಮೊದಲು, "ಈ ಹುಡುಗಿ ಕೂತಿರಬಹುದಾ? ಇಲ್ಲಿ ಕೇಳಿದ್ದು ಹೊರಗೆ ಹೋಗಲ್ಲ" ಎಂದು ಅವನನ್ನು ಕೇಳಿದರು. ಅವನು ತಲೆಯಾಡಿಸಿದ.

"ಹೆಂಗಿತ್ತು ವರ್ಷ?"

"ಇನ್ನೂ ಕೆಟ್ಟದಾಗಿರಬಹುದಿತ್ತು" ಎಂದ ಲೆರಾಯ್. ಆ ಊರಿನಲ್ಲಿ ಹಾಗೆಂದರೆ ಬಹಳ ಕೆಟ್ಟಿತ್ತು ಎಂದೇ ಅರ್ಥ.

ಕ್ಲಿಫರ್ಡ್ ಎದ್ದು ಬಾಗಿಲು ಮುಚ್ಚಿದರು. ಕಾಫಿ ಬಗ್ಗಿಸಿ ಕೊಟ್ಟರು. ಅರ್ಧ ಗಂಟೆ ಗಾಳಿ, ಹಿಮ, ಟ್ರ್ಯಾಕ್ಟರಿನ ಮಾತಾಡಿದರು. ಕಡೆಗೆ ಲೆರಾಯ್ ಬಕೆಟ್ಟಿನ ತಳಕ್ಕೆ ಕೈ ಹಾಕಿ, ಒಡೆಯದೇ ಬಿಟ್ಟಿದ್ದ ಒಂದು ಕಟ್ಟು ಲಕೋಟೆ ತೆಗೆದ. ಎಲ್ಲವೂ ಆಸ್ಪತ್ರೆಯ ಬಿಲ್ಲುಗಳು. ಹೆಂಡತಿ ಮೂರು ತಿಂಗಳಿಂದ ಅಲ್ಲಿದ್ದಳು. "ತೆಗೆಯಕ್ಕೆ ಧೈರ್ಯ ಬರಲಿಲ್ಲ" ಎಂದ. ಥೋರಾ ಒಂದೊಂದೇ ಲಕೋಟೆ ಬಿಡಿಸಿ ಕೊಟ್ಟಳು. ಕ್ಲಿಫರ್ಡ್ ಓದಿದರು, ಕೇಳಿದರು, ಗುರುತು ಹಾಕಿದರು. ಅರ್ಧದಷ್ಟನ್ನು ವಿಮೆಯವರು ಆಗಲೇ ಕಟ್ಟಿದ್ದರು! ಲೆರಾಯ್ ಕಣ್ಣೊರೆಸಿಕೊಂಡು ಟೋಪಿ ಹಾಕಿಕೊಂಡು ಹೋದ.

"ಕೂಡೋದು ಕಳೆಯೋದು ಕಂಪ್ಯೂಟರ್ ಮಾಡುತ್ತೆ" ಎಂದರು ಕ್ಲಿಫರ್ಡ್. "ಬಾಯಿ ಬಿಡಿಸೋದು ನನ್ನ ಕೆಲಸ. ಈ ಊರಲ್ಲಿ ಅದೇ ಕಷ್ಟ."

ಅರ್ಧ ದಿನಕ್ಕೆಂದು ಹೋದವಳು ಸಂಜೆ ಐದಕ್ಕೆ ಎದ್ದಳು. ಮಧ್ಯಾಹ್ನ ಎರಡು ಸ್ಯಾಂಡ್‌ವಿಚ್ ಮುಗಿಸಿದ್ದು ಅವಳಿಗೇ ತಿಳಿದಿರಲಿಲ್ಲ.

"ನಾನು ಹೇಳಿದ್ದೇ ಸರಿ ಅಂತ ಈಗ್ಲಾದ್ರೂ ಒಪ್ಕೊ" ಎಂದಳು ಅಜ್ಜಿ.

"ಇನ್ನೊಂದು ನೋಡ್ಬೇಕಜ್ಜಿ."

ಗುರುವಾರ ಮುಂಜಾನೆ ಐದಕ್ಕೇ ರೋಸಲಿಂಡ್ ಮೇಡಂ ಅವರ ಗಾಡಿ ಮನೆ ಮುಂದೆ ಬಂದು ನಿಂತಿತು. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಶಾಲೆ ನಡೆಸಬೇಕೋ ಬೇಡವೋ ಎಂದು ಆರು ಗಂಟೆಯೊಳಗೆ ಹೇಳಬೇಕು. ಅದಕ್ಕೆ ಅವರು ಬಸ್ಸು ಹೋಗುವ ಮಣ್ಣು ರಸ್ತೆಗಳಲ್ಲಿ ತಾವೇ ಒಂದು ಸುತ್ತು ಹೋಗುತ್ತಾರೆ. ಮೂರು ಕಡೆ ಇಳಿದು ಹಿಮದಲ್ಲಿ ಮೊಣಕಾಲಿನವರೆಗೆ ಹೂತುಕೊಂಡೇ ರಸ್ತೆ ನೋಡಿದರು. "ಎರಡು ಗಂಟೆ ತಡವಾಗಿ ಶುರು" ಎಂದು ಸಾರಿದರು.

ಐದು ನಿಮಿಷದಲ್ಲಿ ಒಬ್ಬ ಅಪ್ಪನ ಫೋನು: "ಇಷ್ಟು ಹಿಮಕ್ಕೆಲ್ಲ ಹೆದರ್ತೀರಾ?" ಅದನ್ನು ಇಡುವಷ್ಟರಲ್ಲಿ ಒಬ್ಬ ಅಮ್ಮ: "ಇಂಥಾ ಹಿಮದಲ್ಲಿ ಮಕ್ಕಳನ್ನ ಕರೆಸ್ತೀರಲ್ಲ, ಮನಸ್ಸಾದ್ರೂ ಹೆಂಗೆ ಬರುತ್ತೆ?"

"ಎರಡೂ ಕಡೆಯವರು ಬೈದ್ರಾ? ಹಂಗಾದ್ರೆ ಸರಿಯಾಗೇ ಇದೆ ಬಿಡು" ಎಂದರು ಮೇಡಂ, ಒಂದು ಚೂರೂ ಮುಖ ಬಾಡದೆ.

ಅಜ್ಜಿ ಹೇಳಿದ್ದ ಬೈಗುಳ ನಿಜವೇ ಆಗಿತ್ತು. ಆದರೆ ಅದು ದಿನದ ಹತ್ತು ನಿಮಿಷ. ಉಳಿದ ಹೊತ್ತು ಮೇಡಂ ಅಡುಗೆಯವಳು ಬಾರದ್ದಕ್ಕೆ ಸೂಪು ಬಡಿಸಿದರು, ಹೊಸ ಟೀಚರನ್ನು ಕೂರಿಸಿಕೊಂಡು ಸಮಾಧಾನ ಮಾಡಿದರು, ಮುಂದಿನ ವರ್ಷದ ಬಜೆಟ್ ಬಿಡಿಸಿ ಕೂತರು. ಬಜೆಟ್ ಹಾಳೆಯ ಮುಂದೆ ಥೋರಾ ಧೈರ್ಯ ಮಾಡಿದಳು.

"ಪ್ರಿನ್ಸಿಪಾಲ್ ಆಗ್ತೀನಿ ಅಂತ ಈಗ್ಲೇ ಬರೀಬೇಕಾ ಮೇಡಂ?"

"ಹದಿನೆಂಟಕ್ಕೇ ಯಾರೂ ಪ್ರಿನ್ಸಿಪಾಲ್ ಆಗಲ್ಲ ಕಣೆ. ಮೊದಲು ಟೀಚರ್ ಆಗ್ಬೇಕು, ಒಂದಷ್ಟು ವರ್ಷ ಪಾಠ ಮಾಡ್ಬೇಕು, ಆಮೇಲೆ ಮತ್ತೆ ಓದ್ಬೇಕು. ನನ್ನ ಫೋಟೊ ಕೆಳಗೆ ಏನು ಬರೆದಿತ್ತು ಗೊತ್ತಾ? ಟ್ರ್ಯಾಕ್ಟರ್ ಅಂಗಡೀಲಿ ಲೆಕ್ಕ ಬರೀತಾಳೆ ಅಂತ. ಬರೆದೆ, ಆರು ವರ್ಷ. ಈ ಬಜೆಟ್ ಇವತ್ತು ನಂಗೆ ಅರ್ಥ ಆಗೋದು ಆ ಆರು ವರ್ಷದಿಂದ."

"ಅಂದ್ರೆ ನಾಳೆ ನಾನು ಏನು ಬರೆದ್ರೂ..."

"ನಾಳೆ ಬರೆದಿದ್ದು ನಾಳೆಗೆ. ಕಾಲೇಜಲ್ಲಿ ಮೊದಲನೇ ವರ್ಷ ಎರಡರಲ್ಲೂ ಒಂದೊಂದು ಪಾಠ ತಗೊಂಡು ನೋಡು. ವೆರ್ಲಾನ ಕೇಳು, ದಾರಿ ಹೇಳ್ತಾಳೆ."

ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದೇಹೋಯಿತು. ಥೋರಾಳಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಮೇಡಂ ಟಿಶ್ಯೂ ಡಬ್ಬಿಯನ್ನು ಅವಳತ್ತ ತಳ್ಳಿದರು.

ಆ ಸಂಜೆ ಅವಳು ತನ್ನ ಸಾಲು ಬರೆದು ಊಟದ ಮೇಜಿನ ಮೇಲಿಟ್ಟಳು. "ಕಾಲೇಜಿಗೆ ಹೋಗುತ್ತಾಳೆ. ಲೆಕ್ಕವನ್ನೂ ಶಿಕ್ಷಣವನ್ನೂ ಓದಿ ನೋಡಿ, ಆಮೇಲೆ ತೀರ್ಮಾನ ಮಾಡುತ್ತಾಳೆ."

ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಏನೇ ಇದು? ಆಮೇಲೆ ಅಂತ ಯಾರಾದ್ರೂ ಪೇಪರಿಗೆ ಕೊಡ್ತಾರಾ? ಬೋರ್ಗಿಲ್ಡ್ ಮೊಮ್ಮಗಳಿಗೆ ತನಗೇನು ಬೇಕು ಅಂತಾನೇ ಗೊತ್ತಿಲ್ಲ ಅಂತಾರೆ ಜನ!"

ಅಪ್ಪ ತಟ್ಟೆಯಿಂದ ತಲೆಯೆತ್ತಿದ. "ಅಮ್ಮ, ನನ್ನ ಫೋಟೊ ಕೆಳಗೆ ಏನಿತ್ತು?"

"ಅಪ್ಪನ ಜೊತೆ ಗೋದಾಮಿನಲ್ಲಿ ದುಡೀತಾನೆ ಅಂತ."

"ಯಾರು ಬರೆದಿದ್ದು?"

ಅಜ್ಜಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಾನೇ" ಎಂದಳು.

"ಬೇಜಾರಿಂದ ಹೇಳ್ತಿಲ್ಲಮ್ಮ. ಕೆಲಸ ಒಗ್ಗಿತು, ಚೆನ್ನಾಗೇ ಇದೀನಿ. ಆದ್ರೆ ಬೇರೆ ಏನೇನಿತ್ತು ಅಂತ ಒಂದು ದಿನಾನೂ ನೋಡ್ಲಿಲ್ಲ ನಾನು. ನೋಡಬಹುದು ಅಂತ ಯಾರೂ ಹೇಳ್ಲಿಲ್ಲ. ಇವಳು ನೋಡ್ಲಿ ಬಿಡು."

ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ಥೋರಾ ಕೇಳಿಯೇ ಇರಲಿಲ್ಲ. ಅಜ್ಜಿ ಎದ್ದು ಮಗನ ತಲೆಯ ಮೇಲೆ ಕೈಯಿಟ್ಟಳು, ಸಣ್ಣ ಹುಡುಗನಿಗೆ ಇಟ್ಟ ಹಾಗೆ. ಆಮೇಲೆ ಹಾಳೆಯನ್ನು ಮಡಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಶುಕ್ರವಾರ ಪತ್ರಿಕೆಯ ಆಫೀಸಿಗೆ ಅಜ್ಜಿ ತಾನೇ ಹೋದಳು. ಸಂಪಾದಕ ಸಾಲು ಓದಿ ಹುಬ್ಬೇರಿಸಿದ. "ಇದೇನು ಬೋರ್ಗಿಲ್ಡಮ್ಮ, ಹುಡುಗಿ ಇನ್ನೂ ತೀರ್ಮಾನ ಮಾಡಿಲ್ವಾ?"

"ಇಲ್ಲ. ನೋಡಿ ಮಾಡ್ತಾಳೆ" ಎಂದಳು ಅಜ್ಜಿ. "ನೋಡದೆ ಬರೆಯೋ ಕೆಲಸ ನಮ್ಮನೇಲಿ ನಾನು ಒಂದ್ಸಲ ಮಾಡಿದೀನಿ, ಸಾಕು. ಇದ್ದಂಗೇ ಹಾಕಪ್ಪ, ಒಂದಕ್ಷರ ಬದಲಾಯಿಸಬೇಡ."

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಮಗು ಇಂಥ ಖಾಲಿ ಹಾಳೆ ಇಟ್ಟುಕೊಂಡು ಕೂತಿರಬಹುದು. ಅದರ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಡಿ. ಅದು ಯಾವ ಕೆಲಸದ ಕನಸು ಕಾಣುತ್ತಿದೆಯೋ ಆ ಕೆಲಸ ಮಾಡುವವರ ಹತ್ತಿರ ಒಂದು ದಿನ ಕಳಿಸಿ. ಅದರಿಂದ ಹೋಗುವ ಗಂಟೇನು? ಒಂದೇ ದಿನ. ಮಕ್ಕಳೇ, ನೀವೂ ನಾಚಿಕೆ ಬಿಟ್ಟು ಕೇಳಿ. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ದುಡಿಯುತ್ತಿರುವವರಿಗೆ ಇನ್ನೊಂದು ಮಾತು. ನಿಮ್ಮ ಕೆಲಸದಲ್ಲಿ ನೋಡುವಂಥದ್ದು ಏನೂ ಇಲ್ಲ ಎನ್ನಬೇಡಿ. ಈ ವಾರವೇ ನಿಮ್ಮ ಬೀದಿಯ ಒಂದು ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.