ಹಿಡಿ ತೌಡಿಗೆ

ಮೀಯಿಸಿದ ಮೇಲೂ ಹೋಗದ ವಾಸನೆ, ಹುಳಿಯೋ ಮಣ್ಣೋ, ಮಗುವಿನ ತಲೆಯಿಂದ ಬರುತ್ತಿರುವುದು ಯಾವುದೆಂದು ರಾಚಮ್ಮನಿಗೆ ತಿಳಿಯಲಿಲ್ಲ, ಹಾಲಿನದಂತೂ ಅಲ್ಲ, ಹಾಲು ಕಂಡ ಕೂಸಲ್ಲ ಇದು, ತೊಡೆಯ ಚರ್ಮ ಮುದುಕಿಯದರ ಹಾಗೆ ನೆರಿಗೆ ಬಿದ್ದಿದೆ, ನೆತ್ತಿ ಗುಳಿಬಿದ್ದಿದೆ, ಅಳುವುದಕ್ಕೆಂದು ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ, ಬಾಯಿ ಮಾತ್ರ ತೆರೆದೇ ಇರುತ್ತದೆ — ಬಿಳಿಕೆರೆಯಲ್ಲಿ ಮೋಟಾರು ನಿಲ್ಲುವ ಕಡೆ ಹುಣಿಸೆಮರದ ಬುಡದಲ್ಲಿ ಇತ್ತಂತೆ, ತಂದವನು ಮೋಟಾರು ಓಡಿಸುವ ಗುರುಮಲ್ಲಪ್ಪ, ಯಾರೂ ಮುಟ್ನಿಲ್ಲ ಕಣವ್ವ, ನಾನೇ ಟವಲ್ನಾಗೆ ಸುತ್ಕಂಡ್ ಬಂದೆ, ಎಂದವನು ಟವಲನ್ನು ಕೇಳಿ ವಾಪಸು ತೆಗೆದುಕೊಂಡೇ ಹೋದ, ಹೋಗಲಿ, ಟವಲು ಅವನದೇ ತಾನೆ. ಹುಣಸೂರಿನ ಈ ಮಕ್ಕಳ ಮನೆಯಲ್ಲಿ ಆಯಾ ಆಗಿ ಹನ್ನೊಂದು ವರ್ಷ, ಇಂಥವು ಎಷ್ಟೋ ಬಂದವು, ಕೆಲವು ಉಳಿದವು, ಯಾವುದನ್ನೂ ಅವಳು ನನ್ನದು ಎಂದವಳಲ್ಲ, ಮೀಯಿಸು, ಕುಡಿಸು, ಮಲಗಿಸು, ಮುಂದಿನದನ್ನು ಎತ್ತಿಕೋ, ಅಷ್ಟೇ. ಕೂಸಿಗೆ ಹಾಲೂಡಿಸುವ ಒಳಲೆಯ ಮೂತಿ ತುಟಿಗೆ ತಾಕಿತು, ನೀರು ಬೆರೆಸಿದ ಹಾಲು ತೊಟ್ಟುತೊಟ್ಟಾಗಿ ಇಳಿಯಿತು, ಒಂದು ಒಳಲೆ, ತಾಲ್ಲೂಕು ಕಚೇರಿಯ ಗಂಟೆ ಮತ್ತೆ ಹೊಡೆಯುವ ತನಕ ಇನ್ನೊಂದು ಕೊಡಬಾರದು, ಮನೆ ನೋಡಿಕೊಳ್ಳುವ ಜಯಲಕ್ಷ್ಮಮ್ಮನವರು ಹೇಳಿದ್ದಾರೆ, ಹೇಳದಿದ್ದರೂ ಗೊತ್ತು, ಅತಿಯಾದರೆ ಅಮೃತವೂ ವಿಷ, ಹಂಪಾಪುರದಿಂದ ಬಂದ ಗಂಡುಕೂಸಿಗೆ ಒಂದು ವರ್ಷ ಅಯ್ಯೋ ಪಾಪವೆಂದು ಕೇಳಿದಷ್ಟೂ ಕುಡಿಸಿದಳು, ಕೂಸು ನಕ್ಕಿತು ಕೂಡ, ಸಂಜೆಯೊಳಗೆ ಹೊಟ್ಟೆ ಉಬ್ಬಿ ಹೋಗಿಬಿಟ್ಟಿತು, ಕೊಂದದ್ದು ಹಸಿವಲ್ಲ, ಅವಳ ಕೈ. ಅಂದಿನಿಂದ ಬರಿದಾದ ಒಳಲೆಯನ್ನು ಬೋರಲು ಹಾಕಿಬಿಡುತ್ತಾಳೆ, ಈಗಲೂ ಹಾಕಿದಳು, ಬಾಯಿ ಮತ್ತೆ ತೆರೆಯಿತು, ಅವಳು ಕಿಟಕಿಯಾಚೆ ನೋಡಿದಳು, ಯಾರದೋ ಗಾಡಿಯಲ್ಲಿ ಹೊಗೆಸೊಪ್ಪು ಹೋಗುತ್ತಿದೆ.

ಮೊರ ಹಿಡಿದು ಒಳಗೆ ಬಂದವಳು ಅಡಿಗೆಯ ಚೆಲುವಮ್ಮ, ಮೊರದಲ್ಲಿ ಒಂದು ಹಿಡಿ ತೌಡು, ಇದು ಉಳೀಬೇಕು ಅಂದ್ರೆ ಮಾರ್ಬೇಕು ಕಣೆ ರಾಚಿ, ನಮ್ಮ ಸಾಲಿಗ್ರಾಮದ ಕಡೆ ಅಂಗೇ ಮಾಡೋದು, ತೌಡಿಗೆ ಮಾರ್ಬುಟ್ರೆ ಜವರಾಯ ಬಂದು ನೋಡ್ತಾನೆ, ಹಿಡಿ ತೌಡು ಬಾಳೋದು ನಂಗ್ಯಾಕೆ ಬುಡು ಅಂತ ಓಯ್ತಾನೆ. ಅದು ಸುಳ್ಳೇನಲ್ಲ, ರಾಚಮ್ಮನ ಸ್ವಂತ ಅಣ್ಣನೇ ತೌಡಯ್ಯ, ಅವ್ವ ಅವನನ್ನು ಪಕ್ಕದ ಮನೆಯವಳಿಗೆ ಮಾರಿ, ಸಾಕಿಕೊಡುತ್ತೇನೆಂದು ಮತ್ತೆ ಎತ್ತಿಕೊಂಡು ಬಂದಳಂತೆ, ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ, ಆದರೆ ಮಾರುವುದಕ್ಕೆ ತಾಯಿ ಬೇಕಲ್ಲ, ತನ್ನದಲ್ಲದ್ದನ್ನು ಯಾರು ಮಾರುತ್ತಾರೆ — ನೀನೇ ಮಾರು, ನಾನ್ ಕೊಂಡ್ಕತೀನಿ, ನನ್ ಮಗಳು ಅಂತ ಒಂದ್ ಮಾತು ಅನ್ನು, ಬಾಯೇನು ಸವೆದೋಗ್ತದಾ. ಹೆದರಿಕೆಯಾಯಿತು ರಾಚಮ್ಮನಿಗೆ, ಬೇರೇನೂ ಅಲ್ಲ, ಹೆದರಿಕೆ, ಹೆತ್ತ ಎರಡು ಹೆಸರಿಡುವ ಮೊದಲೇ ಹೋಗಿವೆ, ಮೂರನೆಯದನ್ನು ನನ್ನದು ಎಂದಮೇಲೆ ಹೋದರೆ ಅದು ಆಯಾ ಕೆಲಸದಲ್ಲಿ ಒಂದು ಕೂಸು ಸತ್ತ ಹಾಗಲ್ಲ, ಸುಮ್ಮನೆ ಇದ್ದುಬಿಡೋಣ, ಇಲ್ಲ, ಅಂದುಬಿಡೋಣ, ಸಾರು ಉಕ್ತದೆ, ಬೇಗ ಅನ್ನೆ, ಎಂದಳು ಚೆಲುವಮ್ಮ. ನನ್ನ ಮಗಳು ಕಣೆ, ತಗೋ, ಎಂದಳು, ದನಿ ತನ್ನದಲ್ಲ ಅನ್ನಿಸಿತು, ಚೆಲುವಮ್ಮ ತೌಡನ್ನು ಅವಳ ಸೆರಗಿಗೆ ಸುರಿದು ಕೂಸನ್ನು ಎತ್ತಿಕೊಂಡಳು, ತೌಡಮ್ಮ ಇನ್ನು ನನ್ನೋಳು ಕಣೆ, ಸಾಕ್ಕೊಡು, ಎಂದು ಮಡಿಲಿಗೆ ವಾಪಸು ಹಾಕಿ ಒಲೆಯತ್ತ ಓಡಿದಳು. ಮುಗಿಯಿತು, ಜಯಲಕ್ಷ್ಮಮ್ಮನವರು ಪುಸ್ತಕದಲ್ಲಿ ತೌಡಮ್ಮ ಎಂದೇ ಬರೆದುಕೊಳ್ಳಲಿ, ಮಾರಿಯಾಯಿತು, ಇನ್ನು ಇದು ಅವಳದಲ್ಲ, ಗಂಟೆಗೆ ಇನ್ನೂ ಎಷ್ಟು ಹೊತ್ತಿದೆಯೋ, ಕೈ ಒಳಲೆಯತ್ತ ಹೋಯಿತು, ಇನ್ನೊಂದೇ ಒಂದು, ಅರ್ಧ, ಹಂಪಾಪುರದ ಕೂಸು ನಕ್ಕಿತ್ತು, ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು, ತಡಿ, ತಡಿ ಮಗಳೇ, ಇನ್ನೊಂದೀಟು ತಡಿ — ಬಾಯಿ ತೆರೆಯಿತು, ದನಿಯಿಲ್ಲ, ಬಾಯಿ, ತೆರೆದೇ ಇದೆ, ಆ ಬಾಯಿ.