ಬಾವಿಗೆ ಬಿದ್ದ ಜೋಡುನಳಿಗೆ

ಹಿಂದೂಪುರದ ಮಗ್ಗದ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪವರ್‌ಲೂಮುಗಳು ಕುಟ್ಟುತ್ತಲೇ ಇರುತ್ತವೆ. ಆ ಗದ್ದಲದ ನಡುವೆಯೂ ಸೀತಾರಾಮಪ್ಪನ ಜಾವಾ ಮೋಟಾರ್‌ಸೈಕಲ್ಲು ತಿರುವಿನಲ್ಲಿ ಕಾಣಿಸುವ ಮೊದಲೇ ಸದ್ದು ಕೇಳಿ ಜನ ಕತ್ತೆತ್ತದೆ "ಮಿಲ್ಟ್ರಿ ಬಂದ" ಅನ್ನುತ್ತಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿ, ಲಾಳಿ ಹಿಡಿಯಬೇಕಾದ ವಯಸ್ಸಿನಲ್ಲಿ ಮನೆಬಿಟ್ಟು ಸೈನ್ಯ ಸೇರಿದವನು ಅವನು. ಅಲ್ಲಿನ ವರ್ಕ್‌ಶಾಪಿನಲ್ಲಿ ಮೋಟಾರ್‌ಸೈಕಲ್ಲುಗಳನ್ನೂ ರೈಫಲ್ಲುಗಳನ್ನೂ ಬಿಚ್ಚಿ ಜೋಡಿಸುತ್ತ ಯೌವನ ಕಳೆದು, ಬಾಂಗ್ಲಾ ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಪೆನುಕೊಂಡ ರಸ್ತೆಯಲ್ಲಿ ಒಂದು ಗ್ಯಾರೇಜು ಹಾಕಿದ್ದ. ಯುದ್ಧದ ಬಗ್ಗೆ ಕೇಳಿದರೆ "ಇತ್ತು ಬಿಡಪ್ಪ" ಎಂದು ಮಾತು ಮುಗಿಸುತ್ತಿದ್ದ. ಕಾರ್ಬ್ಯುರೇಟರ್ ಬಗ್ಗೆ ಕೇಳಿದರೆ ಮಾತ್ರ ಕೇಳಿದವನಿಗೆ ಊಟದ ಹೊತ್ತು ಮೀರುತ್ತಿತ್ತು.

"ಗಾಡಿ, ತುಪಾಕಿ ಎಲ್ಡೂ ಒಂದೇ ಕಣ್ಲಾ," ಅನ್ನುತ್ತಿದ್ದ ಗಿರಾಕಿಗಳಿಗೆ. "ಕೊಳವೆ ಒಳಗೆ ಬೆಂಕಿ ಹತ್ತದೆ. ಇಲ್ಲಿ ಗುಂಡು ತಳ್ತದೆ, ಅಲ್ಲಿ ಪಿಸ್ಟನ್ ತಳ್ತದೆ. ಎಲ್ಡಕ್ಕೂ ಸುಳ್ಳು ಹೇಳಾಕೆ ಬರಾಕಿಲ್ಲ."

ತುಪಾಕಿ ಎಂದರೆ ಅವನ ಮಾವನ ಮನೆಯಿಂದ ಬಂದ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು. ಮಾವನ ಮನೆ ಕಲ್ಯಾಣದುರ್ಗ. ಅವರೂ ನೇಕಾರರೇ, ಆದರೆ ಬ್ರಹ್ಮಸಮುದ್ರದ ಕಡೆ ಒಂದಿಷ್ಟು ಹೊಲವಿತ್ತು. ಕಡಲೆಕಾಯಿ ಬಲಿಯುವ ಕಾಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲು ಮಾವ ಲೈಸೆನ್ಸ್ ಮಾಡಿಸಿದ್ದ. ಅವನು ತೀರಿಕೊಂಡ ಮೇಲೆ ಮಗ ಓಬಳೇಶಪ್ಪ ಬಂದೂಕು ಮುಟ್ಟಲೂ ಹೆದರಿದ್ದರಿಂದ ಲೈಸೆನ್ಸು ಅಳಿಯನ ಹೆಸರಿಗೆ ಬಂತು.

ಆದರೆ ಆ ಮನೆಯಲ್ಲಿ ಗುರಿ ಇದ್ದದ್ದು ಮಗಳಿಗೆ. ಸೀತಾರಾಮಪ್ಪನ ಹೆಂಡತಿ ಚಿನ್ನಕ್ಕ ಚಿಕ್ಕಂದಿನಿಂದ ರೇಷ್ಮೆ ಎಳೆ ಹುಡುಕಿ ಗಂಟು ಹಾಕಿದ ಕಣ್ಣಿನವಳು. ಮದುವೆಯಾದ ಹೊಸತರಲ್ಲಿ ಗಂಡ ತಮಾಷೆಗೆ ಬಂದೂಕು ಕೈಗೆ ಕೊಟ್ಟ. ಹೊಲದ ಬದುವಿನ ಜಾಲಿಗೆ ನೇತುಹಾಕಿದ್ದ ನೂಲು ಸುತ್ತುವ ಒಡಕು ಕಂಡಿಕೆಯನ್ನು ಅವಳು ಮೊದಲ ಏಟಿಗೇ ಚೂರು ಮಾಡಿದಳು. ಭುಜ ಉಜ್ಜಿಕೊಳ್ಳುತ್ತ, "ಒದೀತದಲ್ಲ ಇದು, ಕತ್ತೆ ಥರ," ಎಂದು ನಕ್ಕಳು. ಮುಂದಿನ ಹದಿನೈದು ಚಿಲ್ಲರೆ ವರ್ಷ ಆ ಇಬ್ಬರೂ ಜಾವಾ ಹತ್ತಿ ಸುತ್ತಿದ್ದೇ ಸುತ್ತಿದ್ದು. ಮಕ್ಕಳಾಗಲಿಲ್ಲ. ಅದರ ಕೊರಗು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗಾಡಿಯ ಹಿಂದೆ ಒಂದೇ ಪಕ್ಕಕ್ಕೆ ಕೂತು, ಗಂಡನ ಭುಜದ ಮೇಲೊಂದು ಕೈಯಿಟ್ಟು ಮಡಕಶಿರಾ, ಪಾವಗಡ ದಾಟಿ ತವರಿಗೆ ಹೋಗುವ ಚಿನ್ನಕ್ಕನನ್ನು ದಾರಿಯ ಹಳ್ಳಿಗಳವರೆಲ್ಲ ಬಲ್ಲರು.

ಎಂಬತ್ತೊಂಬತ್ತರ ಶ್ರಾವಣದಲ್ಲಿ, ಕಂಡಿಕೆ ಸುತ್ತುತ್ತ ಕೂತಿದ್ದ ಚಿನ್ನಕ್ಕ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಉಸಿರು ನಿಂತಿತ್ತು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಯಾರ ತಪ್ಪೂ ಇರಲಿಲ್ಲ.

ಸೀತಾರಾಮಪ್ಪ ಅಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೂ ಅಳಲಿಲ್ಲ. ಕೊಟ್ಟರೆ ಉಂಡ, ಹಾಸಿದರೆ ಮಲಗಿದ. ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಬೇರೆಯವರ ಗಾಡಿ ರಿಪೇರಿ ಮಾಡಿದ. ಕೈಗಳು ತಮ್ಮ ಪಾಡಿಗೆ ಸ್ಪ್ಯಾನರ್ ತಿರುಗಿಸುತ್ತಿದ್ದವು. ಒಂದು ದಿನ ಸೈಲೆನ್ಸರ್ ಅಂಗೈಗೆ ತಾಗಿ ಚರ್ಮ ಸುಟ್ಟ ವಾಸನೆ ಬಂದ ಮೇಲೇ ಕೈ ತೆಗೆದ. ತನ್ನ ಜಾವಾಕ್ಕೆ ಕಿಕ್ ಹೊಡೆದು, ಅದು ಓಡುವುದನ್ನು ಸ್ವಲ್ಪ ಹೊತ್ತು ಕೇಳಿ ಆರಿಸುತ್ತಿದ್ದ. ಸದ್ದು ಸರಿಯಾಗಿಯೇ ಇತ್ತು. ಕಿವಿಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು.

ಮನೆಯಲ್ಲಿ ಅವನ ಜೊತೆಗೆ ಇದ್ದವಳು ವಿಧವೆ ಅತ್ತಿಗೆ ರಾಮಕ್ಕ. ಭಾದ್ರಪದದ ಒಂದು ಮಧ್ಯಾಹ್ನ ಅವಳು ಮಗ್ಗದ ಹತ್ತಿರ ಇದ್ದಾಗ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಹಿತ್ತಿಲಿನಿಂದ ಕಿರುಚಿಕೊಂಡು ಓಡಿಬಂದಳು.

"ರಾಮಕ್ಕಾ, ಬಾರೇ ಬೇಗ! ನಿನ್ನ ಮೈದುನ ತುಪಾಕಿ ಕಣ್ಣಿಗೆ ಇಟ್ಕೊಂಡು ಕೂತವ್ನೆ!"

ರಾಮಕ್ಕ ಓಡಿದಳು. ಸೀತಾರಾಮಪ್ಪ ಜಗಲಿಯ ಮೇಲೆ ಕೂತು, ಕಳಚಿದ ನಳಿಗೆಗಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ಒಳಗೆ ತುಕ್ಕು ಹಿಡಿದಿದೆಯೋ ಇಲ್ಲವೋ ನೋಡುವುದು ಹಾಗೆಯೇ. ಹಿಡಿ ಬೇರೆಯಾಗಿ ಪಕ್ಕದಲ್ಲಿ ಬಿದ್ದಿತ್ತು. ಬಂದೂಕಿನ ಪರಿಚಯವಿದ್ದವರು ನೋಡಿದರೆ ಹೆದರುವಂಥದ್ದೇನೂ ಅಲ್ಲ. ಆದರೆ ಹೆಂಗಸರಿಬ್ಬರೂ ಅಳುವುದನ್ನು ನೋಡಿಯೂ ಅವನು ವಿವರಿಸಿ ಹೇಳಲಿಲ್ಲ. ನಳಿಗೆ ಜೋಡಿಸಿ, ಬೀರುವಿನಲ್ಲಿಟ್ಟು ಗ್ಯಾರೇಜಿಗೆ ಹೋದ.

ಆಮೇಲೆ ಆ ಬೀರುವನ್ನು ಅವನು ತೆರೆಯಲೇ ಇಲ್ಲ. ಭಾನುವಾರ ಬಂದರೆ ಎಣ್ಣೆ ಹಚ್ಚದೆ ಬಿಡದವನು, ಎಷ್ಟೋ ಭಾನುವಾರ ಹೋದರೂ ಅತ್ತ ಸುಳಿಯಲಿಲ್ಲ.

ದಸರಾ ಕಳೆದ ಮೇಲೆ ಚುನಾವಣೆ ಗೊತ್ತಾಯಿತು. ಲೈಸೆನ್ಸು ಇದ್ದವರೆಲ್ಲ ಬಂದೂಕುಗಳನ್ನು ಸ್ಟೇಷನ್ನಿಗೆ ತಂದೊಪ್ಪಿಸಬೇಕು ಎಂದು ಕಾನ್‌ಸ್ಟೇಬಲ್ ಒಬ್ಬ ಬಂದು ಹೇಳಿಹೋದ. ಸೀತಾರಾಮಪ್ಪ ಬೀರು ತೆರೆದ. ಬಂದೂಕಿನ ಬಟ್ಟೆಯ ಗವಸು ಇತ್ತು, ಬಂದೂಕು ಇರಲಿಲ್ಲ. ಗವಸನ್ನು ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತ. ಇಂಥ ಹೊತ್ತಿಗೆ ಎದೆ ಧಸಕ್ಕೆನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಅನ್ನಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ನಾನೇ ಓಬಳೇಶಂಗೆ ಹೇಳಿ ಕಳಿಸ್ದೆ ಕಣಪ್ಪ. ನೀನು ಗ್ಯಾರೇಜಿಗೆ ಹೋದಾಗ ಬಂದು ತಗೊಂಡೋದ. ನಿನ್ನೂ ಕಳಕೊಂಡ್ರೆ ನಾನು ಏನು ಮಾಡ್ಲಿ?"

"ಲೈಸೆನ್ಸ್ ಇಲ್ಲದೋನು ಇಟ್ಕಂಡ್ರೆ ಒಳಗೆ ಹಾಕ್ತಾರೆ ಅವನನ್ನ," ಎಂದ ಸೀತಾರಾಮಪ್ಪ. "ಹೋಗಿ ತತ್ತೀನಿ."

ಚಿನ್ನಕ್ಕ ಹೋದ ಮೇಲೆ ಆ ದಾರಿಯಲ್ಲಿ ಅವನು ಗಾಡಿ ಓಡಿಸಿದ್ದು ಅದೇ ಮೊದಲು. ಹಿಂದೆ ಭಾರವಿಲ್ಲದೆ ಜಾವಾ ಗುಂಡಿಗಳ ಮೇಲೆ ಮೇಕೆಯಂತೆ ಎಗರುತ್ತಿತ್ತು. ಮಡಕಶಿರಾದ ಹತ್ತಿರ ಗಂಡ ಹೆಂಡತಿ ಯಾವಾಗಲೂ ಟೀ ಕುಡಿಯುತ್ತಿದ್ದ ಅಂಗಡಿಯವನು ಕೈಯೆತ್ತಿದ. ಇವನೂ ಕೈಯೆತ್ತಿ ಮುಂದೆ ಹೋದ. ಪಾವಗಡದ ಬಂಡೆ ಬೆಟ್ಟ ಬಂತು, ಹಿಂದೆ ಸರಿಯಿತು. ಗೇರು ಬದಲಿಸುವಲ್ಲಿ ಬದಲಿಸಿದ. ಕಲ್ಯಾಣದುರ್ಗ ಮುಟ್ಟಿದಾಗ ದಾರಿಯಲ್ಲಿ ಏನು ಕಂಡೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಓಬಳೇಶಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ. ಭಾವನನ್ನು ಕಂಡವನೇ ಕೈಯಲ್ಲಿದ್ದ ಸೀರೆಯ ಮಡಿಕೆಯನ್ನು ಹಾಗೇ ಬಿಟ್ಟು ಎದ್ದು ನಿಂತ. ಗಿರಾಕಿಗಳಿಗೆ ತೆಲುಗಿನಲ್ಲಿ "ಮಳ್ಳಿ ರಾಂಡಮ್ಮಾ", ಮತ್ತೆ ಬನ್ನಿ ಎಂದು ಹೇಳಿ ಕಳಿಸಿ, ಬಾಗಿಲು ಅರ್ಧ ಎಳೆದ.

"ತುಪಾಕಿ ಎಲ್ಲಿ ಓಬಳೇಶ?"

"ಭಾವ, ಮೊದಲು ಕೂತ್ಕೋ. ಊಟ ಮಾಡಾನ ಬಾ."

"ಸ್ಟೇಷನ್ನಿಗೆ ಕೊಡಬೇಕು. ಎಲ್ಲೈತೆ?"

ಓಬಳೇಶಪ್ಪ ಗದ್ದಿಗೆಯ ಅಂಚಿಗೆ ಕುಸಿದ. "ಮನೇಲಿ ಇಟ್ಕಳಾಕೆ ಪ್ರಾಣ ಹೋಯ್ತು ಭಾವ. ಅಟ್ಟದ ಮೇಲೆ ಇಟ್ರೆ ಕೆಳಗೆ ಮಲಗಾಕೆ ಆಗಾಕಿಲ್ಲ. ಪೋಲೀಸಿಗೆ ಕೊಡಾನ ಅಂದ್ರೆ ಎಲ್ಲಿಂದ ತಂದೆ ಅಂತಾರೆ. ಕಡೆಗೆ ಗೋಣಿಚೀಲದಾಗೆ ಸುತ್ತಿ..." ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ಹೊಲದ ಬಾವಿಗೆ ಹಾಕ್ಬುಟ್ಟೆ."

ಗಾಡಿಗೆ ಒಂದು ಗೀರು ಬಿದ್ದರೆ ಬೀದಿ ಅದುರುವಂತೆ ಕೂಗಾಡುತ್ತಿದ್ದ ಮನುಷ್ಯ ಸೀತಾರಾಮಪ್ಪ. ಓಬಳೇಶಪ್ಪ ಆ ಕೂಗಿಗಾಗಿಯೇ ಕಣ್ಣು ಮುಚ್ಚಿ ಕಾದಿದ್ದ.

"ನೀರು ಎಷ್ಟೈತೆ?" ಎಂದ ಸೀತಾರಾಮಪ್ಪ.

ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಓಬಳೇಶಪ್ಪನಿಗೆ.

ಬ್ರಹ್ಮಸಮುದ್ರದ ಹೊಲಕ್ಕೆ ಹೋಗಿ, ಅಲ್ಲಿ ಬೆಳೆ ನೋಡಿಕೊಳ್ಳುವ ಮುನೆಪ್ಪನನ್ನು ಕರೆದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ, ಅಂದರೆ ಹಲವು ಕೊಕ್ಕೆಗಳ ಕಬ್ಬಿಣದ ಗೊಂಚಲು, ಅವನ ಹತ್ತಿರವಿತ್ತು. ಕೊಡವೋ ಬಿಂದಿಗೆಯೋ ಎಂದು ಮುನೆಪ್ಪ ಕೇಳಿದ. ಹಗ್ಗ ಇಳಿಬಿಟ್ಟು ತಳ ತಡಕತೊಡಗಿದ. ಮೊದಲು ಬಂದದ್ದು ಸೈಕಲ್ಲಿನ ಚಕ್ರ. ಆಮೇಲೆ ಒಂದು ತಾಮ್ರದ ತಂಬಿಗೆ. "ಇದು ನಮ್ಮಮ್ಮಂದು," ಎಂದು ಓಬಳೇಶಪ್ಪ ಅದನ್ನು ಎದೆಗೊತ್ತಿಕೊಂಡ. ಮೂರನೆಯ ಸಲ ಭಾರವಾದದ್ದೇನೋ ಸಿಕ್ಕಿತು. ಕಪ್ಪಾದ ಗೋಣಿ ನೀರು ಸುರಿಸುತ್ತ ಮೇಲೆ ಬಂತು. ಅದರ ಬಾಯಿಂದ ನಳಿಗೆ ಇಣುಕಿದ್ದು ಕಂಡು ಮುನೆಪ್ಪ ಹಗ್ಗ ಬಿಡುವುದರಲ್ಲಿದ್ದ.

"ದೇವುಡಾ! ಯಾರ್ನ ಹೊಡೆದ್ರಿ ಸ್ವಾಮಿ?"

"ಯಾರ್ನೂ ಇಲ್ಲ ಎಳಿಯಪ್ಪ," ಎಂದ ಸೀತಾರಾಮಪ್ಪ.

ಪಂಪಿನ ಮನೆಯ ಚಪ್ಪಡಿಯ ಮೇಲೆ ಗೋಣಿ ಹರಡಿ ಅವನು ಬಂದೂಕನ್ನು ಬಿಚ್ಚಿದ. ನಳಿಗೆಯಿಂದ ನೀರೂ ಕೆಸರೂ ಇಳಿದವು. ಉಕ್ಕಿನ ಮೇಲೆ ಕೆಂಪು ತುಕ್ಕು ಪುಡಿಯಂತೆ ಕೂತಿತ್ತು. ಮುನೆಪ್ಪ ಕೊಟ್ಟ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದ, ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ತೂರಿಸಿ ಎಳೆದ. ಸ್ಪ್ರಿಂಗುಗಳನ್ನು ಬಿಸಿಲಿಗೆ ಇಟ್ಟ. ಎಲ್ಲ ಉಳಿಯುತ್ತದೆ, ಕೈಗೆ ಗೊತ್ತಾಗುತ್ತಿತ್ತು. ಆಮೇಲೆ ಮರದ ಹಿಡಿಯನ್ನು ಎತ್ತಿಕೊಂಡ. ಅದು ನೀರು ಕುಡಿದು ಊದಿತ್ತು. ಪಾಲಿಶ್ ಬೆಳ್ಳಗಾಗಿ ಹೊಪ್ಪಳಿಕೆ ಏಳುತ್ತಿತ್ತು. ಕೆನ್ನೆ ಒತ್ತುವ ಜಾಗದಲ್ಲಿ ಚಿನ್ನಕ್ಕನ ಕಿವಿಯ ವಾಲೆ ತಗುಲಿ ತಗುಲಿ ಬಿದ್ದ ಸಣ್ಣ ಗೀರುಗಳು ಇದ್ದವು. ಅವನ್ನು ತೀಡಿ ತೆಗೆಯುತ್ತೇನೆ ಎಂದು ಅವನು ಗೊಣಗಿದಾಗಲೆಲ್ಲ ಅವಳು, "ನನ್ನ ಹೆಸರು ಬರ್ಕೊಂಡಿವ್ನಿ, ಬಿಡು," ಅನ್ನುತ್ತಿದ್ದಳು.

ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದ. ಪಾಲಿಶಿನ ಸಿಪ್ಪೆ ಉಗುರಿಗೆ ಅಂಟಿಕೊಂಡು ಬಂತು. ಹಿಡಿಯನ್ನು ತಿರುಗಿಸಿ, ಬಿಸಿಲಿಗೆ ಓರೆಯಾಗಿ ಹಿಡಿದು ಗೀರುಗಳನ್ನು ಮತ್ತೆ ಹುಡುಕಿದ.

"ಏನು ಭಾವ? ಏನಾಯ್ತು?"

"ಇಲ್ಲ," ಎಂದ. ಮತ್ತೊಮ್ಮೆ ಬೆರಳಾಡಿಸಿ, "ಹೋಗೈತೆ," ಎಂದ.

ಓಬಳೇಶಪ್ಪನಿಗೆ ಏನು ಹೋಗಿದೆ ಎಂದು ತಿಳಿಯಲಿಲ್ಲ. ಕೇಳಬೇಕಾದ ಬೇರೆ ಮಾತು ನಾಲಿಗೆಯ ತುದಿಯಲ್ಲಿತ್ತು. ಮುನೆಪ್ಪ ದೂರ ಹೋಗುವುದನ್ನು ಕಾದು, ತಗ್ಗಿದ ದನಿಯಲ್ಲಿ ಕೇಳಿದ. "ನಿಜ ಹೇಳು ಭಾವ. ಅವತ್ತು ನಳಿಗೆ ಕಣ್ಣಿಗೆ ಇಟ್ಕಂಡಿದ್ದು..."

"ತುಕ್ಕು ನೋಡ್ತಿದ್ದೆ."

"ಅಷ್ಟೇನಾ?"

ಸೀತಾರಾಮಪ್ಪ ಬಟ್ಟೆ ಮಡಿಸಿದ. "ಸಾಯಬೇಕು ಅನ್ನಿಸಾಕೂ ಒಳಗೆ ಏನಾರ ಇರಬೇಕು ಕಣೋ. ನನಗೆ ಅದೂ ಅನ್ನಿಸಿಲ್ಲ. ಹಸಿವೂ ಅನ್ನಿಸಾಕಿಲ್ಲ, ಬಿಸಿಲೂ ಅನ್ನಿಸಾಕಿಲ್ಲ. ಅವಳು ಸತ್ತವ್ಳೆ ಅಂತ ಗೊತ್ತೈತೆ. ಯಾರೋ ಹೇಳಿದ ಸುದ್ದಿ ಥರ ಗೊತ್ತೈತೆ."

ಓಬಳೇಶಪ್ಪ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತ. ಅಕ್ಕನಿಗಾಗಿ ಅತ್ತನೋ, ಬಾವಿಗೆ ಹಾಕಿದ್ದಕ್ಕೆ ಅತ್ತನೋ. "ಹೊಟ್ಟೆಗೆ ಹಾಕ್ಕೋ ಭಾವ, ನನ್ನ ತಪ್ಪು ಹೊಟ್ಟೆಗೆ ಹಾಕ್ಕೋ" ಎಂದ. ಸೀತಾರಾಮಪ್ಪ ಅವನ ಬೆನ್ನಿನ ಮೇಲೆ ಕೈಯಿಟ್ಟ. ಹಾಗೆ ಇಡಬೇಕಾದ ಸಮಯ ಅದು ಎಂದು ಗೊತ್ತಿದ್ದರಿಂದ ಇಟ್ಟ. ಅಳು ನಿಲ್ಲುವವರೆಗೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಓಬಳೇಶಪ್ಪ ತಾನೂ ಬರುತ್ತೇನೆ ಎಂದು ಹಟ ಹಿಡಿದ. ಪೋಲೀಸರು ಕೇಳಿದರೆ ತಾನೇ ಹೇಳಬೇಕು, ಭಾವನ ತಲೆಗೆ ಕಟ್ಟಬಾರದು ಎಂಬುದು ಅವನ ಮಾತು. ಮೋಟಾರ್‌ಸೈಕಲ್ಲೆಂದರೆ ಬಂದೂಕಿನಷ್ಟೇ ಹೆದರುವ ಮನುಷ್ಯ. ಮನೆಯಿಂದ ತಂದಿದ್ದ ಗವಸು ಹಾಕಿ ಬಂದೂಕನ್ನು ಬೆನ್ನಿಗೆ ಕಟ್ಟಿಕೊಂಡ ಭಾವನ ಹಿಂದೆ ಹತ್ತಿ, ಎರಡೂ ಕೈಯಿಂದ ಸೊಂಟವನ್ನು ಉಡದಂತೆ ತಬ್ಬಿಕೊಂಡ. ನಳಿಗೆ ಮೂಗಿಗೆ ತಾಗುತ್ತಿತ್ತು. ಊರು ದಾಟುವ ಮೊದಲೇ "ಮೆಲ್ಲಗೆ ಭಾವ, ಮೆಲ್ಲಗೆ!" ಎಂದು ಶುರುಮಾಡಿದವನು ಪಾವಗಡದವರೆಗೂ ನಿಲ್ಲಿಸಲಿಲ್ಲ.

"ಅಲುಗಬೇಡ. ತಿರುವಿನಾಗೆ ನನ್ನ ಜೊತೆ ವಾಲು," ಎಂದ ಸೀತಾರಾಮಪ್ಪ.

"ವಾಲಿದ್ರೆ ಬೀಳ್ತೀವಿ!"

"ವಾಲದಿದ್ರೆ ಬೀಳ್ತೀವಿ."

ಹಿಂದೆ ಭಾರವಿದ್ದುದರಿಂದ ಗಾಡಿ ಈಗ ರಸ್ತೆ ಕಚ್ಚಿ ಓಡುತ್ತಿತ್ತು. ಗುಂಡಿ ಕಂಡರೆ ಮೊದಲೇ ಥ್ರಾಟಲ್ ಇಳಿಸಬೇಕಿತ್ತು, ತಿರುವಿಗೆ ಮೊದಲೇ ಯೋಚಿಸಬೇಕಿತ್ತು. ಸೀತಾರಾಮಪ್ಪ ಯೋಚಿಸಿದ. ಪಾವಗಡದ ಮುಂದೆ ಹುಣಸೆ ಸಾಲು ಬಂತು. ಅಲ್ಲೊಂದು ಲಾರಿ ಮಗುಚಿ ಬಿದ್ದು, ಕಡಲೆಕಾಯಿ ಮೂಟೆ ಹರಿದು ಚೆಲ್ಲಿತ್ತು. ಮೇಕೆಗಳು ಮೇಯುತ್ತಿದ್ದವು. ಅದನ್ನೆಲ್ಲ ಅವನು ನೋಡಿದ.

ಹಿಂದೂಪುರದ ಸ್ಟೇಷನ್ನಿನಲ್ಲಿ ಎಸ್ಸೈ ಬಂದೂಕನ್ನು ತಿರುಗಿಸಿ ನೋಡಿ, ಹಿಡಿಯ ಮರ ಹೀಗೇಕೆ ಊದಿದೆ ಎಂದು ಹುಬ್ಬೇರಿಸಿದ. "ಇದೇಮಯ್ಯಾ, ಕಟ್ಟೆ ಇಟ್ಲಾ ಉಬ್ಬಿಂದಿ?"

ಓಬಳೇಶಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸೀತಾರಾಮಪ್ಪ, "ಬಾವಿಲೋ ಪಡಿಂದಿ ಸಾರ್. ನಾ ಚೇತಿಲೋಂಚಿ ಜಾರಿ ಪಡಿಂದಿ," ಎಂದ.

ತನ್ನ ಕೈಯಿಂದಲೇ ಜಾರಿ ಬಾವಿಗೆ ಬಿತ್ತು ಎಂದವನ ಮುಖವನ್ನು ಎಸ್ಸೈ ಒಮ್ಮೆ ನೋಡಿದ. ಆ ಮೆಕ್ಯಾನಿಕ್ ಕೈಗೆ ಊರಲ್ಲಿದ್ದ ಹೆಸರು ಅವನಿಗೂ ಗೊತ್ತಿತ್ತು. ಹೆಂಡತಿ ಹೋದ ಸುದ್ದಿಯೂ ಗೊತ್ತಿತ್ತೋ ಏನೋ. ಮುಂದೆ ಕೇಳದೆ ರಸೀದಿ ಬರೆದುಕೊಟ್ಟ.

ಚುನಾವಣೆ ಮುಗಿದು ಬಂದೂಕು ಮನೆಗೆ ಬಂತು. ಊದಿದ ಹಿಡಿ ಒಣಗಿ ಸೀಳು ಬಿಟ್ಟಿತ್ತು. ಸೀತಾರಾಮಪ್ಪ ಹೊನ್ನೆಮರದ ತುಂಡು ತಂದು ಹೊಸ ಹಿಡಿ ಕೆತ್ತಲು ಕೂತ. ಗ್ಯಾರೇಜಿನ ಕೆಲಸ ಮುಗಿದ ಸಂಜೆಗಳಲ್ಲಿ, ಉಳಿ ಹಿಡಿದು, ಆತುರವಿಲ್ಲದೆ ಕೆತ್ತುತ್ತಿದ್ದ. ಖುಷಿಯಿಂದೇನೂ ಅಲ್ಲ. ಕೆಲಸ ಕಣ್ಣಿನ ಮುಂದೆ ಇತ್ತು, ಮಾಡಿದ. ದ್ರಾಕ್ಷಾಯಣಮ್ಮ ಹಿತ್ತಿಲ ಗೋಡೆಯ ಮೇಲಿಂದ ಇಣುಕಿ ನೋಡಿಹೋಗುವಳು. ಒಂದು ಸಂಜೆ ಅವನೇ ಅವಳನ್ನು ಕರೆದು, ನಳಿಗೆಯೊಳಗೆ ನೋಡುವುದು ಹೇಗೆ ಎಂದು ತೋರಿಸಿದ. ಅವಳು ಒಂದು ಕಣ್ಣು ಮುಚ್ಚಿ ನೋಡಿ, "ಅಯ್ಯೋ, ಬಳೆ ಮೇಲೆ ಬಳೆ ಜೋಡಿಸ್ದಂಗೈತಲ್ಲ!" ಎಂದಳು.

ಮರುವರ್ಷ ಕಡಲೆಕಾಯಿ ಬಲಿತಾಗ ಓಬಳೇಶಪ್ಪ ಹೇಳಿಕಳಿಸಿದ. ಹಂದಿಗಳು ಹೊಲವನ್ನು ಉತ್ತುಬಿಟ್ಟಿವೆ, ಭಾವ ಬರಬೇಕು. ಸೀತಾರಾಮಪ್ಪ ಹೋದ. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಬದುವಿನ ಮೇಲೆ ಕೂತಿದ್ದರು. ಗಿಡಗಳು ಅಲುಗಿದವು, ಗುರುಗುಟ್ಟುವ ಸದ್ದು ಕೇಳಿತು. ಅವನು ಎದ್ದು ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಹಂದಿಗಳು ಬೆಳುಗುಪ್ಪದ ಕಡೆಯ ಗುಡ್ಡಕ್ಕೆ ದಿಕ್ಕಾಪಾಲಾಗಿ ಓಡಿದವು. ಭುಜಕ್ಕೆ ಬಂದೂಕು ಒದ್ದ ಜಾಗ ನೋಯುತ್ತಿತ್ತು. ಅವನು ಅಂಗಿಯೊಳಗೆ ಕೈ ಹಾಕಿ ಅಲ್ಲಿ ಉಜ್ಜಿಕೊಂಡ.

ಓಬಳೇಶಪ್ಪ ಇನ್ನೂ ಎರಡೂ ಕಿವಿ ಮುಚ್ಚಿಕೊಂಡೇ ಕೂತಿದ್ದ.

"ಆಯ್ತು ತೆಗೆಯೋ ಕೈಯ," ಎಂದ ಸೀತಾರಾಮಪ್ಪ. "ನಡಿ, ಹಸೀತೈತೆ. ಏನಾರ ತಿನ್ನಾಕೆ ಕೊಡು."